ಮೆಟ್ಟಿಲ ಮೇಲಿನ ಊಟ

ಮೂರನೇ ತರಗತಿಯ ಗುಬ್ಬಿಗೆ ಕಡಲೆಕಾಯಿ ಆಗುತ್ತಿರಲಿಲ್ಲ. ಒಂದು ಕಾಳು ಬಾಯಿಗೆ ಬಿದ್ದರೂ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಡಾಕ್ಟರು ಅದನ್ನು ಅಲರ್ಜಿ ಎಂದಿದ್ದರು. ಬಟ್ಟೆ ಹೊಲಿಯುವ ಅವಳ ಅಮ್ಮ ಶಾಲೆಗೆ ಬಂದು, ಹಾಗಾದಾಗ ತೊಡೆಗೆ ಚುಚ್ಚುವ ಔಷಧಿ ಕೊಟ್ಟು, ಅಡುಗೆಗೆ ಕಡಲೆಕಾಯಿ ಹಾಕಬೇಡಿ ಎಂದು ಕೇಳಿಕೊಂಡು ಹೋದಳು.

ಶಾಲೆಯ ಅಡುಗೆಯಮ್ಮ ಮೂಗು ಮುರಿದಳು. "ಇಪ್ಪತ್ತು ವರ್ಷದಿಂದ ಬೇಯಿಸಿ ಹಾಕ್ತಿದ್ದೀನಿ, ಯಾರಿಗೂ ಏನೂ ಆಗಿಲ್ಲ. ಒಂದು ಮಗುಗೋಸ್ಕರ ಇನ್ನೂರು ಮಕ್ಕಳ ಬಾಯಿ ಕಟ್ಟೋಕಾಗುತ್ತಾ?"

ಹೆಡ್‌ಮಾಸ್ಟರಿಗೂ ಅದೇ ಸರಿ ಎನಿಸಿತು. "ಅವಳು ಡಬ್ಬಿ ತಂದು ಹೊರಗೆ ಕೂತು ತಿನ್ನಲಿ," ಎಂದರು.

ಅಂದಿನಿಂದ ಗುಬ್ಬಿ ಮೆಟ್ಟಿಲ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ಒಳಗಿನ ನಗು ಕಿವಿಗೆ ಬೀಳುತ್ತಿತ್ತು. ತಿಂಗಳಾದ ಮೇಲೆ ಒಂದು ದಿನ ಅವಳು ಡಬ್ಬಿ ಬಿಟ್ಟು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು.

"ನಂಗೆ ವಾಸಿಯಾಗಿದೆ ಅಜ್ಜಿ. ಅಮ್ಮಾನೇ ಹೇಳಿದ್ಲು."

ಅಡುಗೆಯಮ್ಮ ಕಡಲೆಕಾಯಿ ಪುಡಿ ಹಾಕಿದ ತರಕಾರಿ ಬಡಿಸಿದಳು. ಮೂರನೇ ತುತ್ತಿಗೆ ಗುಬ್ಬಿ ಕುತ್ತಿಗೆ ಹಿಡಿದುಕೊಂಡು ಉರುಳಿದಳು. ಔಷಧಿ ಬೀರುವಿನಲ್ಲಿತ್ತು. ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ, ಅವರು ಸಭೆಗೆ ಹೋಗಿದ್ದರು. ಟೀಚರು ಬೀಗ ಒಡೆದರು. ಆದರೆ ಚುಚ್ಚುವುದು ಹೇಗೆಂದು ಯಾರಿಗೂ ತಿಳಿಯದು. ಎದುರಿನ ಆರೋಗ್ಯ ಕೇಂದ್ರದ ನರ್ಸು ಓಡಿಬಂದು ಚುಚ್ಚಿ, ಆಸ್ಪತ್ರೆಗೆ ಒಯ್ದರು. ಮಗು ಉಳಿಯಿತು.

ಮರುದಿನ ಅಡುಗೆಯಮ್ಮ ನರ್ಸನ್ನು ಹುಡುಕಿಕೊಂಡು ಹೋದಳು. "ಅವಳು ಸುಳ್ಳು ಹೇಳಿದ್ಲು ಸಿಸ್ಟರ್. ನಂದೇನು ತಪ್ಪು?"

"ಎಂಟು ವರ್ಷದ ಮಗು ಅಜ್ಜಿ. ಒಂಟಿಯಾಗಿ ಉಂಡು ಉಂಡು ಸಾಕಾಗಿತ್ತು."

ಅಡುಗೆಯಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತಳು. "ಹಾಗಾದ್ರೆ ಯಾರೂ ಕಡಲೆಕಾಯಿ ತಿನ್ನಲೇಬಾರ್ದಾ?"

"ಅಷ್ಟು ಬೇಡ. ಮನೇಲಿ ಬೇಕಾದ್ದು ತಿನ್ನಲಿ. ಶಾಲೆ ಅಡುಗೆಗೆ ಮಾತ್ರ ಕಡಲೆಕಾಯಿ ಬೇಡ. ಎಲ್ರೂ ಸೋಪು ಹಾಕಿ ಕೈ ತೊಳೀಲಿ, ಒಬ್ಬರ ಡಬ್ಬಿ ಇನ್ನೊಬ್ಬರು ತಿನ್ನೋದು ಬೇಡ. ಔಷಧಿಗೆ ಬೀಗ ಹಾಕಬೇಡಿ. ಚುಚ್ಚೋದನ್ನ ನಾನು ಕಲಿಸ್ತೀನಿ. ಮಗು ಒಳಗೇ ಕೂರಲಿ."

"ನಂಗೂ ಕಲಿಸ್ತೀಯಾ ತಾಯಿ? ಓದು ಬರಲ್ಲ."

"ಓದು ಯಾಕೆ, ಕೈ ನಡುಗದಿದ್ರೆ ಸಾಕು."

ಹೆಡ್‌ಮಾಸ್ಟರೂ ಒಪ್ಪಿದರು, ಕಲಿಯಲು ಮೊದಲು ಅವರೇ ಕುಳಿತರು. ಅಡುಗೆಯಮ್ಮ ಪಾತ್ರೆ, ಸೌಟುಗಳನ್ನೆಲ್ಲ ತಿಕ್ಕಿ ತೊಳೆದಳು. ಗುಬ್ಬಿ ಮರಳಿ ಬಂದ ದಿನ ಅವಳನ್ನು ಗೆಳತಿಯರ ನಡುವೆ ಕೂರಿಸಿ, ಬಾಗಿಲಲ್ಲಿ ನಿಂತಿದ್ದ ಅವಳ ಅಮ್ಮನಿಗೆ ಹೇಳಿದಳು: "ಇವಳ ಊಟ ಇನ್ನು ನನ್ನ ಹೊಣೆ. ನೀನು ಹೋಗಿ ನಿಶ್ಚಿಂತೆಯಾಗಿ ಹೊಲಿ ಮಗಳೇ."

ನಿಮ್ಮ ಮಕ್ಕಳ ಶಾಲೆಯಲ್ಲೂ ಇಂಥ ಮಗುವಿರಬಹುದು. ನಾಳೆಯೇ ಹೋಗಿ ಕೇಳಿ. ಔಷಧಿ ಕೈಗೆಟುಕುವಂತಿದೆಯೇ? ಕೊಡಲು ಯಾರಿಗೆ ಬರುತ್ತದೆ? ಆ ಮಗು ಯಾರ ಪಕ್ಕದಲ್ಲಿ ಕೂತು ಉಣ್ಣುತ್ತದೆ?