ಮೇಲಿನ ತುದಿ

ತುಂಡನ್ನು ತಟ್ಟೆಗೆ ಇಡುವ ಮೊದಲು ಗರಗಸದಣ್ಣ ಹೊರಳಿಸಿ ನೋಡಿದ. ಬಾಣದ ಗುರುತು ಇಲ್ಲ. ಇನ್ನೊಮ್ಮೆ ಹೊರಳಿಸಿದ. ನಾಲ್ಕು ಮಗ್ಗುಲೂ ಬೋಳು.

ಮೊಳದುದ್ದದ ಮಂಜುಗಡ್ಡೆ ಅದು. ಭೂಮಿಯ ಉತ್ತರದ ತುದಿಯಲ್ಲಿ ಹಿಮಕ್ಕೆ ಕೊಳವೆ ಇಳಿಸಿ, ಕಂಬದಂತೆ ಹೊರತೆಗೆದು, ತುಂಡು ತುಂಡಾಗಿ ಹಡಗಿನಲ್ಲಿ ತಂದದ್ದು. ಮೇಲಿರುವುದು ಈಚಿನ ವರ್ಷಗಳ ಹಿಮ, ಕೆಳಗಿರುವುದು ಹಳೆಯದು. ಅದಕ್ಕೇ ಪ್ರತಿ ತುಂಡಿನ ಮೇಲೂ ಮೇಲ್ತುದಿ ತೋರಿಸುವ ಬಾಣ. ಬಾಣ ಹೋಯಿತೆಂದರೆ ಮೊಮ್ಮಗ ಅಜ್ಜನಿಗಿಂತ ಮೊದಲೇ ಹುಟ್ಟಿಬಿಡುತ್ತಾನೆ.

ತಪ್ಪು ಎಲ್ಲಾಯಿತೆಂದು ಅವನಿಗೆ ಥಟ್ಟನೆ ಹೊಳೆಯಿತು. ಇಪ್ಪತ್ತೆರಡು ವರ್ಷ ಮರದ ಮಿಲ್ಲಿನಲ್ಲಿ ದಿಮ್ಮಿ ಕೊಯ್ದ ಕೈ. ದಿಮ್ಮಿ ಬಂತೆಂದರೆ ಮೊದಲು ತೊಗಟೆಯ ಪದರ ಸೀಳಿ ಎಸೆಯಬೇಕು. ಪ್ರಯೋಗಾಲಯದ ಈ ಚಳಿ ಕೊರೆಯುವ ಕೋಣೆಗೆ ಬಂದು ಎಂಟು ತಿಂಗಳಾದರೂ ಕೈಗೆ ಬುದ್ಧಿ ಬಂದಿರಲಿಲ್ಲ. ಬಾಣವನ್ನು ಉಳಿಯುವ ಮಗ್ಗುಲಿಗೆ ಬರೆದು ಇಳಿಸಿಕೊಳ್ಳದೆ, ಬಾಣವಿದ್ದ ಹೊರಪದರವನ್ನೇ ಕೊಯ್ದು ಬಕೆಟ್ಟಿಗೆ ಹಾಕಿದ್ದ. ಬಕೆಟ್ಟಿನಲ್ಲಿದ್ದದ್ದು ಆಗಲೇ ಮೋರಿ ಸೇರಿ ನೀರಾಗಿತ್ತು.

ಜೇಬಿನಲ್ಲಿ ಪೆನ್ಸಿಲ್ ಇತ್ತು. ಒಂದು ಗೀಟು ಎಳೆದರೆ ಮುಗಿಯಿತು, ಯಾರಿಗೆ ತಿಳಿಯುತ್ತದೆ? ಸರಿಯಾದರೂ ಆದೀತು. ಕೈಗವಸು ಕಳಚಿ ಪೆನ್ಸಿಲನ್ನು ಹೊರಗೂ ತೆಗೆದ. ಗಾಜಿನ ಬಾಗಿಲಾಚೆ ಸಂಶೋಧಕಿ ಹುಡುಗಿ ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಅವುಚಿ ಕೂತಿದ್ದಳು. ಅವನ ದೊಡ್ಡ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ಈ ಕಂಬ ತೆಗೆಯಲು ಹೋಗಿ ಕಾಲ್ಬೆರಳಿನ ಎರಡು ಉಗುರು ಕಳೆದುಕೊಂಡು ಬಂದವಳು.

ಅವನು ಬಾಗಿಲು ತೆರೆದ. "ತಾಯಿ, ಒಳಗೆ ಬಾ. ನಿನ್ನ ಐಸು ಹಾಳು ಮಾಡಿಬಿಟ್ಟೆ."

"ಯಾವ ತುಂಡು?"

"ನಲವತ್ತೊಂದು. ಬಾಣ ಕೊಯ್ದು ಬಿಸಾಕಿದೆ."

ಅವಳು ಲೋಟ ಅಲ್ಲೇ ಬಿಟ್ಟು ಒಳಗೆ ಓಡಿಬಂದಳು. "ಅಣ್ಣಾ! ಎರಡು ತುದೀನೂ ಗರಗಸದಲ್ಲೇ ಕೊಯ್ದಿದೆ, ಪಕ್ಕದ ತುಂಡಿಗೆ ಜೋಡಿಸಿ ನೋಡೋಕೂ ಆಗಲ್ಲ. ಹತ್ತು ವರ್ಷದ ಹಿಮದ ಲೆಕ್ಕ ಹೋಯ್ತು. ಕೊಯ್ಯೋ ಮೊದಲು ಬಾಣ ಇಳಿಸ್ಕೊಳ್ಳಿ ಅಂತ ನೂರು ಸಲ ಹೇಳಿಲ್ವಾ?"

"ಇನ್ನೂರು ಸಲ ಹೇಳಿದೀಯ. ಬೈ."

"ಬೈದ್ರೆ ಬಾಣ ವಾಪಸ್ ಬರುತ್ತಾ?"

"ಬರಲ್ಲ. ನನಗೊಂಚೂರು ಸಮಾಧಾನ ಆಗುತ್ತೆ."

ಅವಳು ಬೈಯಲಿಲ್ಲ. ಗೋಡೆಗೊರಗಿ ಕಣ್ಣೊರೆಸಿಕೊಂಡಳು. ಅದನ್ನು ನೋಡಲಾರದೆ ಗರಗಸದಣ್ಣ ತನ್ನ ಮೇಲೆ ತಾನೇ ಉರಿದುಬಿದ್ದು, ಕೈಗವಸನ್ನು ನೆಲಕ್ಕೆ ಬಡಿದು, ಟಾರ್ಚು ತೆಗೆದುಕೊಂಡ. ಹಲಗೆಯಲ್ಲಿ ಗಂಟು ಹುಡುಕುವವನ ಹಾಗೆ ಬೆಳಕನ್ನು ಮಂಜಿನ ಬೆನ್ನಿಗೆ ಹಿಡಿದ. ಗುಳ್ಳೆ ತುಂಬಿದ ಹಾಲುಬಿಳುಪಿನ ನಡುವೆ ಗಾಜಿನಂಥ ಒಂದು ಪಟ್ಟೆ. ಪಟ್ಟೆಯ ಒಂದೇ ಮಗ್ಗುಲಿಂದ ನಾಲ್ಕೈದು ಸಣ್ಣ ಎಳೆಗಳು ಹೊರಟು ಹಾಲುಬಿಳುಪಿನಲ್ಲಿ ಕೊನೆಯಾಗಿದ್ದವು.

"ಇದೇನಿದು, ಮೇಣದಬತ್ತಿ ಸೋರಿದ ಹಾಗೆ?"

ಅವಳು ಮೂಗು ಒರೆಸಿಕೊಳ್ಳುತ್ತ ಬಗ್ಗಿದಳು. "ಯಾವುದೋ ಬೇಸಿಗೇಲಿ ಒಂದಿನ ಬಿಸಿಲು ಜಾಸ್ತಿಯಾಗಿ ಮೇಲಿನ ಹಿಮ ಕರಗಿದೆ. ಪಟ್ಟೆ ನಾನೂ ನೋಡಿದ್ದೆ. ಈ ಎಳೆ ನೋಡಿರಲಿಲ್ಲ. ಕರಗಿದ ನೀರು ಹಿಮದೊಳಗೆ ಇಳಿದು ಮತ್ತೆ..."

"ನೀರು ಇಳಿದಿದ್ರೆ ಕೆಳಕ್ಕೆ ತಾನೇ ಇಳೀಬೇಕು?" ಎಂದ ಗರಗಸದಣ್ಣ.

ಅವಳು ಎಳೆಗಳಿಲ್ಲದ ಕಡೆಯ ತುದಿಗೆ ಬೆರಳು ತೋರಿದಳು.

"ಹಾಗಾದ್ರೆ ಇದು ತಲೆ!" ಅವಳು ಅವನ ದಪ್ಪ ಕೋಟಿನ ತೋಳು ಹಿಡಿದು ಜಗ್ಗಾಡಿಬಿಟ್ಟಳು. "ಇದು ತಲೆ, ಇದು ಕಾಲು!"

"ತೋಳು ಕಿತ್ತು ಬಂದೀತು, ಬಿಡು ಮಾರಾಯ್ತಿ. ಎಲ್ಲೋ ಒಂದಿನ ಬಿಸಿಲು ಬಿದ್ದಿದ್ದಕ್ಕೆ ಇಷ್ಟೊಂದು ಕುಣಿತವಾ?"

"ಭೂಮಿಗೆ ಮೈ ಬಿಸಿಯಾದ್ರೆ ಮೊದಲು ಬೆವರೋದು ಅಲ್ಲೇ ಅಣ್ಣ. ಹಿಂದೆ ಎಷ್ಟು ಸಲ ಹೀಗೆ ಬೆವರಿತ್ತು ಅಂತ ತಿಳಿದ್ರೆ ತಾನೇ, ಇವತ್ತು ನಮ್ಮ ಮಳೆ, ನಮ್ಮ ಕಡಲು ಯಾಕೆ ಹೀಗಾಡ್ತಿವೆ ಅಂತ ಹೇಳೋಕಾಗೋದು?"

ಅವನು ಟಾರ್ಚನ್ನು ಆ ಎಳೆಗಳ ಹತ್ತಿರಕ್ಕೆ ತಂದ. "ಅವತ್ತು ಅಲ್ಲಿ ನೋಡೋಕೆ ಯಾರಾದ್ರೂ ಇದ್ರಾ?"

"ಯಾರೂ ಇರಲಿಲ್ಲ."

ಅವಳು ಪುಸ್ತಕ ತೆರೆದು ಎಳೆಗಳನ್ನು ಒಂದೊಂದಾಗಿ ಬರೆದುಕೊಳ್ಳತೊಡಗಿದಳು. "ಬೆಳಕು ಹೀಗೇ ಇರಲಿ, ಅಲ್ಲಾಡಿಸಬೇಡಿ." ಬರಿಗೈಯ ಬೆರಳುಗಳು ಜೋಮು ಹಿಡಿದು ತನ್ನವಲ್ಲವೆನ್ನುವಂತಾದರೂ ಗರಗಸದಣ್ಣ ಕದಲಲಿಲ್ಲ. ಬಾಯಿಯ ಆವಿ ಆ ತುಂಡಿಗೆ ತಾಕಬಾರದೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಸಿರು ಕಟ್ಟಿ ನಿಂತ.