ಅಂಗೈಯ ಕಾವು

"ಅಲ್ಲಿ ಕಟ್ಟಬ್ಯಾಡ್ರಿ ಬಾವಾರ, ಹೊಟ್ಟಿ ಮ್ಯಾಲ ಒತ್ತತದ," ಎನ್ನುತ್ತ ಪಾರವ್ವ ಬಸವಲಿಂಗನ ಕೈಯಿಂದ ಶಲ್ಯ ಸೆಳೆದುಕೊಂಡಳು.

ಅವಳ ಗಂಡ ಮಲಕಪ್ಪ ನಸುಕಿನಲ್ಲಿ ತೀರಿಕೊಂಡಿದ್ದ. ಸುದ್ದಿ ತಿಳಿದ ಕೂಡಲೇ ಅವನ ಅಣ್ಣ ಬಸವಲಿಂಗ ಶಿರೂರಿನ ತನ್ನ ಅಂಗಡಿಯ ಕದ ಹಾಕಿ ಖಡಕಿಯ ತಮ್ಮನ ಮನೆಗೆ ಬಂದಿದ್ದ. ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಕೂತಂತೆಯೇ ಮಣ್ಣಿಗಿಡುತ್ತಾರೆ. ಗೋಡೆಗೆ ಒರಗಿಸಿದ ದೇಹ ಮುಂದಕ್ಕೆ ವಾಲುತ್ತಿತ್ತು.

ಸೊಸೆ ನೀತಾಳ ಕಣ್ಣು ಮಾವನ ಹೊಟ್ಟೆಯ ಮೇಲೇ ಇತ್ತು. ಕೂತರೆ ಹೊಟ್ಟೆ ಮಡಚುತ್ತದೆ. ಮಡಚಿದಲ್ಲಿ, ಮಲ ಬೀಳಲು ಅಂಟಿಸಿದ ಚೀಲದ ಅಂಚು ಬಿಡುತ್ತದೆ. ಆಗಲೇ ಒಂದು ಮೂಲೆ ಎದ್ದಿತ್ತು. ಬಾಗಿಲಾಚೆ ಕಾಲನಿಯ ಜನ ಪಾದ ಮುಟ್ಟಲು ನಿಂತಿದ್ದರು. ಎಂಟು ವರ್ಷ ನಾಲ್ಕು ಜನರ ನಡುವೆ ಒಂದು ಹನಿಯೂ ಸೋರದಂತೆ ಬದುಕಿದ ಮನುಷ್ಯ, ಇವತ್ತು ಸೋರಿದರೆ?

"ಅದನ್ನ ಕಿತ್ತು ಒಗೀರಿ," ಎಂದ ಬಸವಲಿಂಗ. "ಲಿಂಗ ಕಟ್ಟಿಕೊಂಡ ಮೈ ಅದು. ಹೊಲಸು ಚೀಲದ ಸಂಗಾಟ ಮಣ್ಣಿಗೆ ಕಳಸೂದೇನು? ಮೈಲಿಗಿ."

"ನಮ್ಮಾಗ ಸಾವಿಗೇ ಸೂತಕ ಇಲ್ಲಂತ ನೀವ ಊರ ಮುಂದ ಭಾಷಣ ಮಾಡ್ತೀರಿ. ಚೀಲಕ್ಕ ಎಲ್ಲಿಂದ ಬಂತ್ರಿ ಮೈಲಿಗಿ?"

"ಹಂಗಲ್ಲ ಪಾರವ್ವ..."

"ನೀತಾ, ಹೊಸಾದು ತಾ. ಕತ್ತರಿ, ಉಗುರುಬೆಚ್ಚಗಿನ ನೀರು. ಸಾಬೂನು ಬ್ಯಾಡ."

*

ಎಂಟು ವರ್ಷದ ಹಿಂದೆ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಮನೆಗೆ ಬಂದಾಗ ಮಲಕಪ್ಪ ಪೂಜೆಯನ್ನೇ ಬಿಟ್ಟಿದ್ದ. ಹೊಟ್ಟೆಯ ಎಡಕ್ಕೆ ಕರುಳಿನ ತುದಿಯನ್ನು ಹೊರಗೆ ತಂದು ಹೊಲಿದಿದ್ದರು. ಮಲ ತಾನಾಗಿ ಚೀಲಕ್ಕೆ ಬೀಳುತ್ತಿತ್ತು.

"ಇದನ್ನ ಹೊತ್ತು ದೇವರ ಮುಂದ ಕೂಡ್ಲೇನು?"

"ಮೊದಲ ಎಲ್ಲಿ ಇಟ್ಟು ಬರ್ತಿದ್ರಿ? ಆವಾಗೂ ಹೊಟ್ಟ್ಯಾಗ ಇತ್ತಲ್ಲ!"

ಮಲಕಪ್ಪ ಹೆಂಡತಿಯನ್ನೇ ನೋಡಿದ. ಆಮೇಲೆ ಹೊಲಿಗೆ ಎಳೆದು ನೋಯುವಷ್ಟು ನಕ್ಕ. ಮರುದಿನ ಮಿಂದು ಲಿಂಗಕ್ಕೆ ನೀರೆರೆದ.

ಮೊದಮೊದಲು ಚೀಲದ ತೂತನ್ನು ದೊಡ್ಡದಾಗಿ ಕತ್ತರಿಸಿದ್ದರಿಂದ ಮಲ ತಾಗಿ ಸುತ್ತಲಿನ ಚರ್ಮ ಕೆಂಪಗೆ ಉರಿಯುತ್ತಿತ್ತು. ಪಾರವ್ವ ಅಳತೆ ಕಲಿತಳು. ಅವನು ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡುವುದನ್ನು ಕಲಿತ. ಆಮೇಲೆ ಮದುವೆ, ಮುಂಜಾನೆಯ ತಿರುಗಾಟ, ಸ್ವಾರಗೇಟ್ ನಿಲ್ದಾಣದಿಂದ ಊರಿಗೆ ರಾತ್ರಿ ಬಸ್ಸು, ಯಾವುದೂ ನಿಲ್ಲಲಿಲ್ಲ. ಜನರ ನಡುವೆ ಹೊಟ್ಟೆ ಸದ್ದು ಮಾಡಿದರೆ, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಅವನು, "ನಾ ರಿಟೈರ್ ಆದ್ರೂ ಫ್ಯಾಕ್ಟರಿ ಚಾಲೂ ಅದ್ರಿ," ಎನ್ನುತ್ತಿದ್ದ.

*

ಪಾರವ್ವ ಒಂದು ಕೈಯಿಂದ ಚರ್ಮವನ್ನು ಅದುಮಿ, ಇನ್ನೊಂದರಿಂದ ಹಳೆಯ ಚೀಲವನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ಬಿಡಿಸಿದಳು. ಬದುಕಿದ್ದವನಿಗೆ ನೋಯದಂತೆ ಬಿಡಿಸುವ ಹಾಗೆಯೇ. ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿದಳು.

ತಮ್ಮನ ಭುಜ ಹಿಡಿದು ಕೂತಿದ್ದ ಬಸವಲಿಂಗ ಮೊದಲ ಬಾರಿ ಅದನ್ನು ನೋಡಿದ. ನೆಲ್ಲಿಕಾಯಿ ಗಾತ್ರದ, ಬಣ್ಣಗೆಟ್ಟ ಒಂದು ತುದಿ.

"ಇಷ್ಟ ಏನು?"

"ಇಷ್ಟ. ಇದಕ್ಕ ನೀವು ನಮ್ಮ ಮನ್ಯಾಗ ಉಣ್ಣೂದು ಬಿಟ್ರಿ."

ಅವನು ವಾಲುತ್ತಿದ್ದ ಭುಜವನ್ನು ನೆಟ್ಟಗೆ ಮಾಡಿದ.

ಪಾರವ್ವ ಹೊಸ ಚೀಲ ಹಚ್ಚಿದಳು. ಅಂಚು ಎದ್ದಿತು. ಮತ್ತೆ ಒತ್ತಿದಳು. ಮತ್ತೆ ಎದ್ದಿತು.

"ಯಾಕ, ಅತ್ತಿ?" ನೀತಾ ಬಗ್ಗಿ ನೋಡಿದಳು.

"ಮೈ ಬಿಸಿಗೆ ಹಿಡಿಯೂ ಅಂಟು ಇದು," ಎಂದಳು ಪಾರವ್ವ. "ಇವರ ಮೈ ತಣ್ಣಗಾಗೇದ."

ಜನ ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆಂದು ಪಕ್ಕದ ಮನೆಯ ಸ್ನೇಹಲ್ ಹೊರಗಿನಿಂದ ಮರಾಠಿಯಲ್ಲಿ ಕೂಗಿದಳು.

"ಥಾಂಬೂ ದೇ," ಕಾಯಲಿ ಎಂದಳು ಪಾರವ್ವ, ತಿರುಗಿಯೂ ನೋಡದೆ. ಅಂಗೈಯನ್ನು ಅಂಚಿನ ಮೇಲೆ ಊರಿದಳು. ಆದರೆ ಬೆಳಗಿನಿಂದ ನೀರಲ್ಲೇ ಇದ್ದ ಆ ಕೈಯೂ ತಣ್ಣಗಿತ್ತು.

"ನೀತವ್ವ, ಹೆಗಲ ನೀ ಹಿಡಿ," ಎಂದ ಬಸವಲಿಂಗ. "ಪಾರವ್ವ, ಸರಿ ಸ್ವಲ್ಪ."

ಅವನು ಎರಡೂ ಅಂಗೈಗಳನ್ನು ಪರಪರ ಉಜ್ಜಿದ. ಉಜ್ಜಿ ಉಜ್ಜಿ ಕೆಂಪಗಾದ ಕೈಗಳನ್ನು ತಮ್ಮನ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿದ.

ನೀತಾ ಅಂಚನ್ನೇ ನೋಡುತ್ತಿದ್ದಳು. ಅದು ಏಳಲಿಲ್ಲ.

"ಹಿಡೀತ್ರಿ ಬಾವಾರ," ಎಂದಳು ಪಾರವ್ವ.

ಅವನು ಕೈ ತೆಗೆಯಲಿಲ್ಲ.