ವಿಶಾಲಮ್ಮ ಲೇಔಟ್

"ಮುನೇಶ್, ಲೇಔಟ್ ಬದಲಾಯಿಸ್ಲೇಬೇಕು" ಎಂದು ನಾನು ಫೋನಿನಲ್ಲಿ ಹೇಳಿದ್ದೇ ತಡ, ಸೈಟು ವ್ಯಾಪಾರದ ಮಾವ ರಾಮಾಂಜಿನಪ್ಪನವರು ಕಾಫಿ ಲೋಟ ಕೆಳಗಿಟ್ಟರು.

"ಯಾವ ಲೇಔಟಮ್ಮಾ ಲಾವಣ್ಯಾ? ಖಾತೆ ಸರಿಯಾಗಿದ್ಯಾ?"

ಪಿನ್ನು ಉರುಳಿಸೋ ನನ್ನ ಬೌಲಿಂಗ್ ಚೆಂಡಿನದು ಮಾವ, ಅಂದೆ. ಚೆಂಡಿನ ಒಳಗೆ ಭಾರದ ಗಟ್ಟಿಯೊಂದಿರುತ್ತದೆ. ಅದು ಎಲ್ಲಿದೆ ಎಂದು ಹೊರಗೊಂದು ಕೆಂಪು ಚುಕ್ಕಿ ತೋರಿಸುತ್ತದೆ. ಆ ಚುಕ್ಕಿಯಿಂದ ಎಷ್ಟು ದೂರಕ್ಕೆ ಬೆರಳಿನ ತೂತು ಕೊರೆಯುತ್ತೇವೋ, ಚೆಂಡು ತಿರುಗುವುದು ಅದರ ಮೇಲೆ. ಅದೇ ಲೇಔಟು. ನನ್ನ ಚೆಂಡೋ ನೆಟ್ಟಗೆ ನುಗ್ಗುತ್ತಿತ್ತು, ತಿರುಗು ಅಂದರೆ ತಿರುಗುತ್ತಿರಲಿಲ್ಲ. ಅದರ ದೆಸೆಯಿಂದ ರಾಜ್ಯ ತಂಡ ಎರಡು ಸಲ ಕೈತಪ್ಪಿತ್ತು. ಭಾನುವಾರ ಮತ್ತೆ ಆಯ್ಕೆ. ಆ ತಂಡ ನನಗೆ ಬೇಕೇ ಬೇಕಿತ್ತು.

ಹಳೆಯ ತೂತು ಮುಚ್ಚಿಸಿ, ಒಣಗಲೆಂದು ಚೆಂಡನ್ನು ಮನೆಯಲ್ಲಿಟ್ಟೆ. ಶುಕ್ರವಾರ ನಾನು ಆಫೀಸಿನಲ್ಲಿದ್ದಾಗ ಮಾವ ಅದನ್ನು ಚಾಮರಾಜಪೇಟೆಯ ಮುನೇಶನ ಲೇತ್ ಅಂಗಡಿಗೆ ಒಯ್ದು ಕೊರೆಸಿ, ಚೀಲದಲ್ಲಿ ಕಟ್ಟಿ ತಂದಿಟ್ಟರು.

ಭಾನುವಾರ, ಆಯ್ಕೆಯ ಜಾಗದಲ್ಲಿ ಚೀಲ ಬಿಚ್ಚಿದರೆ ಚೆಂಡಿಗೆಲ್ಲ ಅರಿಶಿನ. ಬಟ್ಟೆಯಿಂದ ಒರೆಸಿದೆ. ಕೆಂಪು ಚುಕ್ಕಿಯೇ ಅಳಿಸಿಹೋಯಿತು! ಅಂಗೈ ಅಗಲ ಆಚೆ, ಅರಿಶಿನದ ಅಡಿಯಲ್ಲಿ, ನಿಜವಾದ ಚುಕ್ಕಿ ಇಣುಕುತ್ತಿತ್ತು.

ಆಟ ನೋಡಲು ಬಂದಿದ್ದ ಅತ್ತೆ ವಿಶಾಲಮ್ಮ ಹೆಮ್ಮೆಯಿಂದ ಹೇಳಿದರು. "ನಾನೇ ಪೂಜೆ ಮಾಡಿದ್ದು. ಯಾರೋ ಸೊಟ್ಟಗೆ ಕುಂಕುಮ ಇಟ್ಟಿದ್ರು. ಅದನ್ನ ಅರಿಶಿನದಲ್ಲಿ ಮುಚ್ಚಿ, ಸರಿಯಾಗಿ ಮಧ್ಯದಲ್ಲಿ ಇಟ್ಟೆ."

"ಗುಂಡಗಿರೋದಕ್ಕೆ ಮಧ್ಯ ಎಲ್ಲತ್ತೆ?"

"ನನಗೆ ಕಾಣ್ತಲ್ಲ!"

ಮುನೇಶನಿಗೆ ಫೋನು ಹಚ್ಚಿ ಕೂಗಾಡಿದೆ. "ಪೂಜೆ ಆಗಿರೋ ಚೆಂಡು ಅಕ್ಕಾ, ಒರೆಸೋಕೆ ಕೈ ಬರ್ಲಿಲ್ಲ. ಕುಂಕುಮದಿಂದಾನೇ ಅಳತೆ ತಗೊಂಡೆ" ಅಂದ.

ಅಳು ಬಂತು. ಬೇರೆ ಚೆಂಡಿರಲಿಲ್ಲ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಆದದ್ದಾಗಲಿ ಎಂದು ಉರುಳಿಸಿಬಿಟ್ಟೆ. ಚೆಂಡು ಬಲಗಡೆಯ ಅಂಚಿಗೇ ಹೋಯಿತು. ಕೆಟ್ಟೆ ಅಂದುಕೊಳ್ಳುವಷ್ಟರಲ್ಲಿ, ಗಾಂಧಿ ಬಜಾರಿನಲ್ಲಿ ಹೂವಿನಂಗಡಿ ಕಂಡ ಅತ್ತೆಯ ಹಾಗೆ ಥಟ್ಟನೆ ಎಡಕ್ಕೆ ತಿರುಗಿತು. ಹತ್ತೂ ಪಿನ್ನು ದಡಬಡ ಬಿದ್ದವು! ಮತ್ತೆ ಬಿಟ್ಟೆ, ಮತ್ತೆ ಎಲ್ಲ ಬಿದ್ದವು. ನಾನು ಕುಣಿದೆ, ಮಾವ ಶಿಳ್ಳೆ ಹಾಕಿದರು, ಅತ್ತೆ ಗೊತ್ತಿಲ್ಲದವರಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದರು. ಸಂಜೆ ತಂಡದಲ್ಲಿ ನನ್ನ ಹೆಸರಿತ್ತು.

ಆಯ್ಕೆಗಾರರೊಬ್ಬರು ಬಂದು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಯಾವ ಲೇಔಟ್ ಮೇಡಂ?"

"ವಿಶಾಲಮ್ಮ ಲೇಔಟ್" ಅಂದೆ.

"ಕೇಳೇ ಇಲ್ವಲ್ಲ. ಎಲ್ಲಿ ಬರುತ್ತೆ?"

ನನ್ನ ಹಿಂದಿನಿಂದ ಅತ್ತೆಯೇ ಉತ್ತರ ಕೊಟ್ಟರು. "ಸರಿಯಾಗಿ ಮಧ್ಯದಲ್ಲಿ."